ಓಟಿಲ್ಲದವನ ಮುಂದೆ ಹತ್ತು ಸೆಕೆಂಡು

"ನಿಮ್ಮ ಓಟು ನನಗೇ ಅಂದ್ಕೊಳ್ಳಲಾ?" ಅಂತ ಕೇಳಿ ಆ ಮನುಷ್ಯ ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದರು. 2007ರ ಡಿಸೆಂಬರ್. ನ್ಯೂ ಹ್ಯಾಂಪ್‌ಶೈರ್‌ನ ನ್ಯಾಶುವಾದಲ್ಲಿ ನಮ್ಮ ಬೀದಿಯ ಕೊನೆಯ ಮನೆ. ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಬಾಗಿಲ ಪಕ್ಕ ಮೂವತ್ತು ನಲವತ್ತು ಜೊತೆ ಒದ್ದೆ ಬೂಟು, ನಮ್ಮೂರ ಮದುವೆ ಮನೆ ಮುಂದಿನ ಚಪ್ಪಲಿ ರಾಶಿಯ ಹಾಗೆ. ಅಮೆರಿಕದ ಅಧ್ಯಕ್ಷರಾಗಲು ಹೊರಟವರೊಬ್ಬರು ಕಾಲುಚೀಲದಲ್ಲಿ ನಿಂತು ನನ್ನ ಓಟು ಕೇಳುತ್ತಿದ್ದರು.

"ನನಗೆ ಓಟಿಲ್ಲ ಸರ್. ವೀಸಾ ಮೇಲಿದ್ದೇನೆ" ಅಂದೆ.

ಅವರು ಕೈ ಬಿಡಲಿಲ್ಲ. ನಗುವೂ ಹಾಗೇ ಇತ್ತು. ಕಣ್ಣು ಮಾತ್ರ ನನ್ನ ಎಡ ಭುಜದ ಮೇಲಿಂದ ಹಾದು, ಹಿಂದೆ ನಿಂತಿದ್ದ ಹೆಂಗಸಿನ ಮೇಲೆ ಹೋಗಿ ಕೂತಿತ್ತು. "ಒಳ್ಳೇದು, ಒಳ್ಳೇದು, ಬಂದಿದ್ದಕ್ಕೆ ಖುಷಿಯಾಯ್ತು" ಅಂದರು. ಅದನ್ನು ನನಗೆ ಹೇಳಿದರೋ ಆಕೆಗೆ ಹೇಳಿದರೋ ಗೊತ್ತಾಗಲಿಲ್ಲ. ಎಲ್ಲ ಸೇರಿ ಹತ್ತು ಸೆಕೆಂಡು ಇರಬಹುದು.

ನನಗೇನೂ ಅವಮಾನ ಆಗಲಿಲ್ಲ. ಆ ಮನುಷ್ಯ ಅವತ್ತು ಬೆಳಗಿನಿಂದ ಅದು ನಾಲ್ಕನೇ ಮನೆ ಹೊಕ್ಕಿದ್ದರಂತೆ. ಓಟಿಲ್ಲದವನ ಹತ್ತಿರ ನಿಂತು ಹೊತ್ತು ಕಳೆಯಲು ಅವರಿಗೇನು ಗ್ರಹಚಾರ? ಆದರೆ ಆ ಕಣ್ಣು ಸರಿದ ರೀತಿ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಿಕೆ ಚೂರಿನ ಹಾಗೆ ಉಳಿದುಬಿಟ್ಟಿತು.

ಎರಡು ವಾರ ಬಿಟ್ಟು ಇನ್ನೊಬ್ಬರ ಸಭೆ. ಈ ಸಲ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ. ಮಾತು ಮುಗಿದ ಮೇಲೆ ಅದೇ ಸಾಲು, ಅದೇ ಕೈಕುಲುಕು, ಅದೇ ಪ್ರಶ್ನೆ. ನಾನೂ ಅದೇ ಉತ್ತರ ಕೊಟ್ಟೆ. ಅವರು ತಲೆ ಸ್ವಲ್ಪ ವಾರೆ ಮಾಡಿ, "ಗ್ರೀನ್ ಕಾರ್ಡ್ ಸಾಲಲ್ಲಿದ್ದೀರಾ? ಎಷ್ಟು ವರ್ಷ ಆಯ್ತು?" ಅಂದರು. ಆ ವರ್ಷ ಜುಲೈನಲ್ಲಿ ಗ್ರೀನ್ ಕಾರ್ಡಿನ ಬಾಗಿಲು ಎಲ್ಲರಿಗೂ ತೆರೆದ ಹಾಗೆ ಮಾಡಿ, ಮಾರನೇ ದಿನ ಮುಚ್ಚಿ, ಆಮೇಲೆ ಬೈಗುಳ ತಡೆಯಲಾರದೆ ಮತ್ತೆ ತೆರೆದಿದ್ದರು. ಆಗ ಇಲ್ಲಿದ್ದವರಿಗೆಲ್ಲ ಆ ಬೇಸಿಗೆ ನೆನಪಿರುತ್ತದೆ. ನಾನು ಅದನ್ನು ಹೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದರು. ಹಿಂದೆ ನಿಂತವರು ಕೆಮ್ಮಿದರೂ ಇನ್ನೊಂದು ಪ್ರಶ್ನೆ ಕೇಳಿದರು. ಅದರಿಂದ ನನ್ನ ಸಾಲು ಒಂದಿಂಚೂ ಮುಂದೆ ಹೋಗಲಿಲ್ಲ. ಆ ಅಭ್ಯರ್ಥಿ ಹೀನಾಯವಾಗಿ ಸೋತರು.

ಇಬ್ಬರ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ನೀವು ತಕ್ಷಣ ಯಾವ ಪಕ್ಷ ಅಂತ ನೋಡ್ತೀರಿ. ಆಮೇಲೆ ನಾನು ಏನು ಹೇಳಿದರೂ ಅಷ್ಟೇ. ಅಂದಿನಿಂದ ಇಲ್ಲಿಯವರೆಗೆ ಎರಡೂ ಪಕ್ಷಗಳ ಇಂಥ ಸಭೆ ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಈ ಚಟ ಹತ್ತಿದ್ದು ಮಾತ್ರ ಆ ಎರಡು ಹತ್ತು ಸೆಕೆಂಡುಗಳಿಂದ.

ವೇಷವಿಲ್ಲದ ಆಟ

ನಮ್ಮ ಕಡೆ ಅಭ್ಯರ್ಥಿಯನ್ನು ಆರಿಸುವುದು ನಾವಲ್ಲ. ಬಿ ಫಾರಂ ಯಾರ ಕೈಗೆ ಅನ್ನೋದು ದೆಹಲಿಯಲ್ಲೋ ಬೆಂಗಳೂರಿನಲ್ಲೋ ತೀರ್ಮಾನವಾಗಿ, ನಾಮಪತ್ರದ ಕೊನೇ ದಿನ ಕಾರಿನಲ್ಲಿ ಓಡೋಡಿ ಬರುತ್ತದೆ. ನಾವು ನೋಡುವುದು ಆಮೇಲೆ, ತೆರೆದ ಜೀಪಿನ ಮೇಲೆ, ಹೂವಿನ ಹಾರದ ನಡುವೆ. ಇಲ್ಲಿ ಬಿ ಫಾರಂ ಕೊಡುವ ಕೆಲಸವೇ ಜನರದ್ದು. ಅದಕ್ಕೇ ಪ್ರೈಮರಿ. ಅದು ಮೊದಲು ನಡೆಯುವುದು ಈ ಪುಟ್ಟ ರಾಜ್ಯದಲ್ಲಿ. 1920ರಿಂದ ಹಾಗೇ ನಡೆದುಬಂದಿದೆ. ನಮಗಿಂತ ಮೊದಲು ಯಾರಾದರೂ ಪ್ರೈಮರಿ ಇಟ್ಟುಕೊಂಡರೆ ನಮ್ಮದನ್ನು ಅದಕ್ಕಿಂತ ಮುಂಚೆ ಎಳೆದುಕೊಳ್ಳಬೇಕು ಅಂತ ಕಾನೂನೇ ಇದೆ. ಇಡೀ ರಾಜ್ಯದ ಜನ 14 ಲಕ್ಷ. ಅಷ್ಟು ಜನಕ್ಕೆ ಇಲ್ಲಿನ ಕೆಳಮನೆಯಲ್ಲಿ 400 ಶಾಸಕರು, ಸಂಬಳ ವರ್ಷಕ್ಕೆ 100 ಡಾಲರ್. ಆರು ಕೋಟಿ ದಾಟಿದ ಕರ್ನಾಟಕಕ್ಕೆ 224 ಶಾಸಕರು. ಹೀಗಾಗಿ ಇಲ್ಲಿನವರಿಗೆ ರಾಜಕಾರಣಿ ಅಂದರೆ ದೂರದ ವಸ್ತು ಅಲ್ಲ. ಹಿಮ ಗುಡಿಸುವ ಪಕ್ಕದ ಮನೆಯವನೇ ಶಾಸಕ ಆಗಿರಬಹುದು.

ಮೊದಲ ಸಲ ಹೌಸ್ ಪಾರ್ಟಿಗೆ, ಅಂದರೆ ಅಭ್ಯರ್ಥಿ ಯಾರದೋ ಮನೆಗೆ ಬಂದು ಮಾತಾಡುವ ಇಂಥ ಸಭೆಗೆ, ಹೋದಾಗ ನನಗೆ ಹೆಣ್ಣು ನೋಡುವ ಶಾಸ್ತ್ರ ನೆನಪಾಗಿತ್ತು. ತಟ್ಟೆಯಲ್ಲಿ ಏನೋ ತಿಂಡಿ, ಎಲ್ಲರೂ ಸ್ವಲ್ಪ ಜಾಸ್ತಿಯೇ ನಗುತ್ತಾ ಒಬ್ಬರನ್ನು ಮೇಲಿಂದ ಕೆಳಗೆ ನೋಡುವುದು. ಆದರೆ ನಾಲ್ಕಾರು ಸಭೆ ಆದ ಮೇಲೆ ಹೋಲಿಕೆ ಬದಲಾಯಿತು. ಇದು ತಾಳಮದ್ದಳೆ.

ನಾನು ಶಿರಸಿ ಕಡೆಯವನು. ಮಳೆಗಾಲದಲ್ಲಿ ಬಯಲಾಟ ನಿಂತಾಗ ನಮ್ಮೂರ ದೇವಸ್ಥಾನದಲ್ಲೋ ಯಾರದೋ ಜಗಲಿಯಲ್ಲೋ ತಾಳಮದ್ದಳೆ ನಡೆಯುತ್ತಿತ್ತು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ್ಯ, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು, ಬಿಳಿ ಪಂಚೆ, ಹೆಗಲ ಮೇಲೊಂದು ಶಾಲು. ಮಾತಿನಲ್ಲೇ ರಾಮ, ಮಾತಿನಲ್ಲೇ ವಾಲಿ. ಯಾರೂ ಬರೆದುಕೊಟ್ಟ ಮಾತಲ್ಲ. ಎದುರಿನವನು ಏನು ಕೇಳುತ್ತಾನೆ ಅಂತ ಮೊದಲೇ ಗೊತ್ತಿರುವುದಿಲ್ಲ. ದೊಡ್ಡ ಮೈದಾನದ ರ‍್ಯಾಲಿ ಬಯಲಾಟವಾದರೆ, ಇಲ್ಲಿನ ಬೈಠಕ್ ಕೋಣೆಯ ಸಭೆ ತಾಳಮದ್ದಳೆ. ಬಣ್ಣ, ಬೆಳಕು, ಚಂಡೆ ಯಾವುದರ ಆಸರೆಯೂ ಇಲ್ಲ. ಬೆಂಕಿಗೂಡಿನ ಪಕ್ಕ ನಿಂತು, ಅಥವಾ ಮೆಟ್ಟಿಲಿನ ಎರಡನೇ ಹಂತ ಹತ್ತಿ, ಎಂಟು ಅಡಿ ದೂರದವರ ಕಣ್ಣೆದುರು ಮಾತಾಡಬೇಕು.

ನಮ್ಮ ಅಜ್ಜ ತಾಳಮದ್ದಳೆ ಹುಚ್ಚಿನವನು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವನು. ಅದನ್ನು ಹೇಳಿಕೊಂಡೇ ಬೇರೆಯವರ ವಾಲಿಯನ್ನೆಲ್ಲ ತೆಗಳುತ್ತಿದ್ದ. ಪಕ್ಕದಲ್ಲಿ ಕೂತು ತೂಕಡಿಸುತ್ತಿದ್ದ ನನ್ನನ್ನು ಮೊಣಕೈಯಲ್ಲಿ ತಿವಿದು, ಮಾತಾಡುತ್ತಿದ್ದವನನ್ನು ಬಿಟ್ಟು ಸುಮ್ಮನೆ ಕೂತವನನ್ನು ತೋರಿಸುತ್ತಿದ್ದ. ವಾಲಿ ಅರ್ಧ ಗಂಟೆ ಕೇಳುತ್ತಾನೆ: ಮರೆಯಲ್ಲಿ ನಿಂತು ಯಾಕೆ ಹೊಡೆದೆ? ಅಷ್ಟು ಹೊತ್ತು ರಾಮ ಏನು ಮಾಡುತ್ತಿದ್ದಾನೆ? ಕೆಲವು ರಾಮರು ಕವಳದ ತಟ್ಟೆ ಹುಡುಕುತ್ತಾರೆ. ಶಾಲು ಸರಿಮಾಡಿಕೊಳ್ಳುತ್ತಾರೆ. ಅವರ ಸರದಿ ಬಂದಾಗ ಮೊದಲೇ ಕಟ್ಟಿಕೊಂಡು ಬಂದ ಗಂಟು ಬಿಚ್ಚುತ್ತಾರೆ. ಒಳ್ಳೆಯ ರಾಮ ವಾಲಿಯದೇ ಒಂದು ಶಬ್ದ ಹಿಡಿದು ಅಲ್ಲಿಂದ ಶುರು ಮಾಡುತ್ತಾನೆ. ಅಷ್ಟಾದರೆ ಅಜ್ಜ ತೊಡೆ ತಟ್ಟಿಕೊಳ್ಳುತ್ತಿದ್ದ.

ಇಲ್ಲಿ ನಾನು ನೋಡುವುದೂ ಅದನ್ನೇ. ಭಾಷಣ ಬಿಡಿ, ಅದು ಎಲ್ಲ ಮನೆಯಲ್ಲೂ ಒಂದೇ. ಹದಿನೈದು ನಿಮಿಷ. ಹುಟ್ಟಿದ ಊರು, ಅಪ್ಪ ಪಟ್ಟ ಕಷ್ಟ, ಹೆಂಡತಿಯ ಮೇಲೊಂದು ಜೋಕು, ದೇಶಕ್ಕೆ ಬಂದಿರುವ ಆಪತ್ತು. ಆಟ ಇರುವುದು ಪ್ರಶ್ನೋತ್ತರದಲ್ಲಿ. ಯಾರೋ ಮುದುಕ ತನ್ನ ಮೊಣಕಾಲು ಆಪರೇಷನ್ನಿನಿಂದ ಶುರುಮಾಡಿ, ಮುದುಕರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಮೂಲಕ ಹಾದು, ಚೀನಾದಲ್ಲಿ ಮುಗಿಸುವ ನಾಲ್ಕು ನಿಮಿಷದ ಪ್ರಶ್ನೆ ಕೇಳುವಾಗ ಅಭ್ಯರ್ಥಿಯ ಕಣ್ಣು ಎಲ್ಲಿದೆ? ಹಿಂದೆ ಫೋನ್ ಹಿಡಿದು ನಿಂತ ಸಹಾಯಕನ ಮೇಲೋ, ಗೋಡೆ ಗಡಿಯಾರದ ಮೇಲೋ? ಉತ್ತರದಲ್ಲಿ ಆ ಮೊಣಕಾಲು ಬಂತೋ ಇಲ್ಲವೋ?

(ಇಲ್ಲಿ 1,000 ಡಾಲರ್ ಕಟ್ಟಿದರೆ ಯಾರು ಬೇಕಾದರೂ ಪ್ರೈಮರಿಯ ಮತಪತ್ರದಲ್ಲಿ ಹೆಸರು ಹಾಕಿಸಿಕೊಳ್ಳಬಹುದು. ವರ್ಮಿನ್ ಸುಪ್ರೀಮ್ ಅಂತ ಒಬ್ಬ ತಲೆ ಮೇಲೆ ಬೂಟು ಕವುಚಿಕೊಂಡು, ಗೆದ್ದರೆ ಎಲ್ಲರಿಗೂ ಒಂದೊಂದು ಮರಿಗುದುರೆ ಕೊಡುತ್ತೇನೆ ಅಂತ ಓಡಾಡುತ್ತಾನೆ. ಅವನನ್ನು ನೋಡಿದಾಗಲೆಲ್ಲ ನಮ್ಮ ಹೊಟ್ಟೆ ಪಕ್ಷದ ರಂಗಸ್ವಾಮಿ ನೆನಪಾಗುತ್ತಾರೆ. ಅವರು 80ಕ್ಕೂ ಹೆಚ್ಚು ಚುನಾವಣೆಗೆ ನಿಂತವರು. ಇಬ್ಬರನ್ನೂ ಒಂದೇ ಜಗಲಿಯಲ್ಲಿ ಕೂರಿಸಬೇಕಿತ್ತು.)

ಅದೇ ಕಥೆ, ಅದೇ ಮೌನ

2015ರ ಶರತ್ಕಾಲ. ಗ್ರೀನ್ ಕಾರ್ಡ್ ಬಂದು ಮೂರು ವರ್ಷ ಆಗಿತ್ತು. ಓಟು ಇನ್ನೂ ಇರಲಿಲ್ಲ. ಆ ಸಲ ಈ ರಾಜ್ಯದಲ್ಲಿ ಎಲ್ಲಿ ಹೋದರೂ ಹೆರಾಯಿನ್ ವಿಷಯ. ಒಂದು ಸಣ್ಣ ಊರಿನ ಲೈಬ್ರರಿ. ಅರವತ್ತು ಕುರ್ಚಿ ಹಾಕಿದ್ದರು, ಅರ್ಧ ತುಂಬಿತ್ತು. ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದರು. ಕೈಯಲ್ಲಿ ಚೀಟಿ ಇತ್ತು, ಓದಲಿಲ್ಲ. ಮಗ ಹೋದ, ಇಪ್ಪತ್ಮೂರು ವರ್ಷ, ಚಿಕಿತ್ಸೆಗೆ ಜಾಗ ಸಿಗಲು ಆರು ವಾರ ಕಾಯಿರಿ ಅಂದಿದ್ದರು, ಅಷ್ಟೇ ಹೇಳಿ ನಿಂತರು. ಪ್ರಶ್ನೆಯನ್ನೇ ಕೇಳಲಿಲ್ಲ.

ಹಿಂದಿನ ವಾರ ಬೇರೆ ಅಭ್ಯರ್ಥಿಯ ಎದುರು ಇಂಥದ್ದೇ ಮಾತು ಬಂದಿತ್ತು. ಅವರು "ನಿಮ್ಮ ದುಃಖದಲ್ಲಿ ನಾನೂ ಭಾಗಿ" ಅಂದು, ಅರ್ಧ ಉಸಿರಲ್ಲೇ ಗಡಿ ಭದ್ರತೆಗೆ ಹೋಗಿದ್ದರು. ಇವರು ಹಾಗೆ ಮಾಡಲಿಲ್ಲ. "ಆರು ವಾರ ಅಂದ್ರಾ?" ಅಂದರು. ಆಕೆ ಹೌದು ಅಂದರು. "ಆ ಆರು ವಾರ ಅವನು ಎಲ್ಲಿದ್ದ?"

"ನಮ್ಮ ಮನೆ ಬೇಸ್‌ಮೆಂಟಲ್ಲಿ. ನಾನು ಮೆಟ್ಟಿಲ ಮೇಲೆ ಮಲಗ್ತಿದ್ದೆ."

ಲೈಬ್ರರಿಯ ಹೀಟರ್ ಗುಂಯ್‌ಗುಡುವುದು ಕೇಳುತ್ತಿತ್ತು. ಆಮೇಲೆ ಅವರು ತಾವು ಚಿಕ್ಕವರಿದ್ದಾಗ ಪಕ್ಕದ ಮನೆಯಲ್ಲಿ ನಡೆದ ಒಂದು ಕಥೆ ಹೇಳಿದರು. ಹೇಳುತ್ತಾ ಒಂದು ಕಡೆ ಗಂಟಲು ಕಟ್ಟಿತು. ನಿಲ್ಲಿಸಿದರು. ಎಡಗಡೆ ಕಿಟಕಿಯತ್ತ ನೋಡಿದರು. ಮತ್ತೆ ಶುರು ಮಾಡಿದರು. ನನ್ನ ಪಕ್ಕದವರು ಕಣ್ಣೊರೆಸಿಕೊಂಡರು. ನಾನೂ, ನಿಜ ಹೇಳಬೇಕಂದ್ರೆ. ಮನೆಗೆ ಬಂದು ಹೆಂಡತಿಗೆ, "ಮನುಷ್ಯ ಅಂದ್ರೆ ಇವರು" ಅಂದೆ.

ಮೂರು ವಾರ ಆದ ಮೇಲೆ ಬೇರೆ ಊರಿನಲ್ಲಿ, ಹೈಸ್ಕೂಲಿನ ಊಟದ ಹಾಲ್‌ನಲ್ಲಿ ಅವರದೇ ಸಭೆ. ಯಾರೋ ಡ್ರಗ್ಸ್ ಬಗ್ಗೆ ಕೇಳಿದರು. ಅದೇ ಪಕ್ಕದ ಮನೆ ಕಥೆ. ಅದೇ ಜಾಗದಲ್ಲಿ ಗಂಟಲು ಕಟ್ಟಿತು. ಅದೇ ಅಳತೆಯ ಮೌನ. ಅದೇ ಥರ ಎಡಗಡೆ ನೋಡಿದರು. ಅಲ್ಲಿ ಕಿಟಕಿ ಇರಲಿಲ್ಲ. ಕೋಕಾ ಕೋಲಾ ಮಷೀನ್ ಇತ್ತು.

ನನಗೆ ಎಷ್ಟು ಸಿಟ್ಟು ಬಂತು ಅಂದರೆ ಉಳಿದದ್ದು ಕೇಳಲೇ ಇಲ್ಲ. ಕಾರು ಓಡಿಸುತ್ತಾ ದಾರಿಯುದ್ದಕ್ಕೂ ಬೈದುಕೊಂಡೆ. ಮೋಸ ಹೋದವನ ಸಿಟ್ಟು ಅದು, ಸಂತೆಯಲ್ಲಿ ಮೇಲೆ ಚಂದದ ಹಣ್ಣು ಇಟ್ಟು ಕೆಳಗೆ ಕೊಳೆತದ್ದು ತುಂಬಿಸಿ ಕೊಟ್ಟ ಹಾಗೆ.

ಸಿಟ್ಟು ಇಳಿದದ್ದು ಎಷ್ಟೋ ದಿನದ ಮೇಲೆ. ಅಜ್ಜನ ಮೆಚ್ಚಿನ ಅರ್ಥಧಾರಿಗಳೂ ಉಪಕಥೆಗಳನ್ನು ಸಿದ್ಧ ಮಾಡಿಟ್ಟುಕೊಂಡೇ ಬರುತ್ತಿದ್ದರಲ್ವಾ? ಒಂದೇ ಮಳೆಗಾಲದಲ್ಲಿ ಅದೇ ಉಪಕಥೆಯನ್ನು ಮೂರು ಜಗಲಿಯಲ್ಲಿ ಕೇಳಿ ಮೂರೂ ಸಲ ಅಜ್ಜ ಹನಿಗಣ್ಣಾಗಿದ್ದನ್ನು ನಾನೇ ನೋಡಿದ್ದೇನೆ. ದಿನಕ್ಕೆ ಐದು ಕಡೆ ಮಾತಾಡುವವರು ಐದು ಹೊಸ ಗಂಟಲು ಎಲ್ಲಿಂದ ತರಬೇಕು? ಇನ್ನೂ ಒಂದು ವಿಷಯ ನಿಧಾನವಾಗಿ ಹೊಳೆಯಿತು. ಕಥೆ ಬಾಯಿಪಾಠ ಇರಬಹುದು. ಆದರೆ "ಆ ಆರು ವಾರ ಅವನು ಎಲ್ಲಿದ್ದ?" ಅನ್ನೋದು ಬಾಯಿಪಾಠ ಆಗಲು ಸಾಧ್ಯವಿರಲಿಲ್ಲ. ಆರು ವಾರ ಆಕೆಯ ಮಾತು. ಹಾಗಾದರೆ ಅವರು ಕೇಳಿಸಿಕೊಂಡಿದ್ದಂತೂ ಹೌದು. ಕೇಳಿಸಿಕೊಂಡದ್ದಕ್ಕೆ ಎಷ್ಟು ಅಂಕ, ಕೋಕಾ ಕೋಲಾ ಮಷೀನಿಗೆ ಎಷ್ಟು ಅಂಕ ಕಳೆಯಬೇಕು? ನನ್ನ ಲೆಕ್ಕ ಇವತ್ತಿಗೂ ಬಗೆಹರಿದಿಲ್ಲ.

ಅರೆದು ಕುಡಿದವರು

ನಾನು ಫೋನಿನಲ್ಲಿ ಟಿಪ್ಪಣಿ ಬರೆದಿಡುತ್ತೇನೆ. ಪ್ರತಿ ಸಭೆಗೂ ನಾಲ್ಕೈದು ಸಾಲು. 2019ರಲ್ಲಿ ಡೆಮಾಕ್ರಾಟಿಕ್ ಪಕ್ಷದಿಂದ ಇಪ್ಪತ್ತಕ್ಕೂ ಹೆಚ್ಚು ಜನ ಕಣದಲ್ಲಿದ್ದರು. ವಾರಾಂತ್ಯಕ್ಕೆ ಎರಡು ಮೂರು ಸಭೆ ಸಿಗುತ್ತಿತ್ತು. ಹಬ್ಬ. ಪೌರತ್ವ 2017ರಲ್ಲೇ ಬಂದಿತ್ತು. ಈ ಸಲ ನನಗೂ ಓಟು. ಜವಾಬ್ದಾರಿ ಜಾಸ್ತಿ ಅಂತ ಹೆಂಡತಿಯನ್ನೂ ಎಳೆದುಕೊಂಡು ಹೋಗುತ್ತಿದ್ದೆ.

ಒಬ್ಬ ಮಹಿಳಾ ಅಭ್ಯರ್ಥಿಯ ಸಭೆಯಿಂದ ವಾಪಸ್ ಬರುವಾಗ ಕಾರಿನಲ್ಲಿ ನನ್ನ ತೀರ್ಪು ಓದಿ ಹೇಳಿದೆ. "ತುಂಬಾ ತಯಾರಿ. ಎಲ್ಲದಕ್ಕೂ ಅಂಕಿಅಂಶ ಬಾಯಲ್ಲೇ ಇದೆ. ಸಹಜ ಅನಿಸಲಿಲ್ಲ."

ಅವಳು ಕೈ ಚಾಚಿ ಫೋನ್ ತೆಗೆದುಕೊಂಡಳು. ಹಿಂದಕ್ಕೆ ಸರಿಸಿ ಎರಡು ವಾರದ ಹಿಂದಿನ ಟಿಪ್ಪಣಿ ಓದಿದಳು. ಅದು ಒಬ್ಬ ಗಂಡಸಿನದ್ದು. "ವಿಷಯ ಅರೆದು ಕುಡಿದಿದ್ದಾರೆ. ಚೀಟಿ ನೋಡದೆ ಲೆಕ್ಕ ಹೇಳಿದರು."

"ಅವನು ಅರೆದು ಕುಡಿದ್ರೆ ಜಾಣ. ಅವಳು ಕುಡಿದ್ರೆ ತಯಾರಿ ಜಾಸ್ತಿ, ಅಲ್ವಾ?" ಅಂದಳು. ಆಮೇಲೆ ನ್ಯಾಶುವಾ ಬರುವ ತನಕ ಮಾತಾಡಲಿಲ್ಲ.

ನಾನು ವಾದ ಮಾಡಿದೆ. ಧ್ವನಿ ಬೇರೆ ಥರ ಇತ್ತು, ವೇಗ ಬೇರೆ ಇತ್ತು, ಇತ್ಯಾದಿ. ರಾತ್ರಿ ಮಲಗುವ ಮೊದಲು ಫೋನಿನಲ್ಲಿದ್ದ ಟಿಪ್ಪಣಿಗಳನ್ನೆಲ್ಲ ತೆಗೆದು ನೋಡಿದೆ. ಮುಖ ಬಿಸಿಯಾಯಿತು. ಗಿಡ್ಡ ಇದ್ದವರ ಬಗ್ಗೆ "ಗಟ್ಟಿತನ ಸಾಲದು" ಅಂತ ಎರಡು ಕಡೆ. ಎತ್ತರದವರೊಬ್ಬರು ಏನು ಹೇಳಿದರು ಅಂತಲೇ ಇಲ್ಲ, "ಕೋಣೆ ತುಂಬಿಕೊಂಡರು" ಅಂತಿದೆ. ಹನ್ನೆರಡು ವರ್ಷ ನಾನು ಶೈಲಿ ತೂಗುತ್ತಿದ್ದೇನೆ ಅಂದುಕೊಂಡಿದ್ದೆ. ತಕ್ಕಡಿಯ ಒಂದು ತಟ್ಟೆಯ ಕೆಳಗೆ ಹುಣಸೆಹಣ್ಣು ಮೆತ್ತಿತ್ತು.

ಇದು ನನ್ನೊಬ್ಬನ ರೋಗ ಅಲ್ಲ. 1972ರಲ್ಲಿ ಸೆನೆಟರ್ ಎಡ್ಮಂಡ್ ಮಸ್ಕಿ ಮ್ಯಾಂಚೆಸ್ಟರ್‌ನಲ್ಲಿ ಪತ್ರಿಕೆಯೊಂದರ ಕಚೇರಿ ಎದುರು ಹಿಮ ಬೀಳುವಾಗ ನಿಂತು, ತಮ್ಮ ಹೆಂಡತಿಯ ಬಗ್ಗೆ ಬಂದ ಬರಹಕ್ಕೆ ಸಿಟ್ಟಿನಿಂದ ಉತ್ತರ ಕೊಟ್ಟರು. ಅತ್ತರು ಅಂತ ವರದಿಯಾಯಿತು. ಕಣ್ಣೀರಲ್ಲ, ಕರಗಿದ ಹಿಮ ಅಂತ ಅವರು ಆಮೇಲೆ ಹೇಳಿದರು. ಪ್ರೈಮರಿ ಗೆದ್ದರೂ ಅಳುಬುರುಕ ಅನ್ನುವ ಹೆಸರು ಹೋಗಲಿಲ್ಲ. 2008ರ ಜನವರಿ 7ಕ್ಕೆ ಪೋರ್ಟ್ಸ್‌ಮತ್‌ನ ಕಾಫಿ ಅಂಗಡಿಯಲ್ಲಿ ಒಬ್ಬಾಕೆ ಹಿಲರಿ ಕ್ಲಿಂಟನ್ ಅವರನ್ನು, ಇಷ್ಟನ್ನೆಲ್ಲ ಹೇಗೆ ನಿಭಾಯಿಸ್ತೀರಿ ಅಂತ ಕೇಳಿದರು. ಉತ್ತರ ಕೊಡುವಾಗ ಹಿಲರಿಯ ಧ್ವನಿ ನಡುಗಿತು, ಕಣ್ಣು ತುಂಬಿತು. ಒಬಾಮ ಗೆಲ್ಲುತ್ತಾರೆ ಅಂತ ಸಮೀಕ್ಷೆಗಳೆಲ್ಲ ಹೇಳುತ್ತಿದ್ದವು. ಮಾರನೇ ದಿನ ಗೆದ್ದದ್ದು ಹಿಲರಿ. ಕೆಲವರಿಗೆ ಅದು ನಾಟಕ, ಕೆಲವರಿಗೆ ಮೊದಲ ಸಲ ಕಂಡ ಮನುಷ್ಯತ್ವ. ಗಂಡಸಿನ ಕಣ್ಣಿನ ಹನಿಗೊಂದು ಬೆಲೆ, ಹೆಂಗಸಿನ ಕಣ್ಣಿನ ಹನಿಗೊಂದು ಬೆಲೆ. ಆ ಬೆಲೆಯೂ ವರ್ಷದಿಂದ ವರ್ಷಕ್ಕೆ ಅಡಿಕೆ ಧಾರಣೆಯ ಹಾಗೆ ಏರಿಳಿಯುತ್ತದೆ.

ಕೋಣೆಯೊಳಗೆ, ಕೋಣೆಯಾಚೆ

ಕೋಣೆಯಲ್ಲಿ ಕಂಡದ್ದು ಕೋಣೆಯಾಚೆ ಹೋಗುವಾಗ ಬೇರೆಯೇ ಆಗುತ್ತದೆ. 2016ರಲ್ಲಿ ಜೆಬ್ ಬುಷ್ ಹ್ಯಾನೋವರ್‌ನ ಸಭೆಯೊಂದರಲ್ಲಿ ತಮ್ಮ ಮಾತಿಗೆ ಸದ್ದೇ ಬರದಾಗ "ದಯವಿಟ್ಟು ಚಪ್ಪಾಳೆ ತಟ್ಟಿ" ಅಂದರು. ಪೂರ್ತಿ ವಿಡಿಯೋ ನೋಡಿದರೆ ಜನ ನಕ್ಕು ಚಪ್ಪಾಳೆ ಹೊಡೆಯುತ್ತಾರೆ. ತನ್ನನ್ನೇ ತಾನು ಲೇವಡಿ ಮಾಡಿಕೊಂಡ ಧಾಟಿ ಅದು. ಆದರೆ ಊರೆಲ್ಲ ಓಡಾಡಿದ್ದು ನಾಲ್ಕು ಸೆಕೆಂಡಿನ ತುಣುಕು. ಅದರಲ್ಲಿ ಅವರು ಭಿಕ್ಷೆ ಬೇಡುವವರ ಹಾಗೆ ಕಾಣುತ್ತಾರೆ.

ಇನ್ನು ಈ ಸಭೆಗಳಿಂದ ಫಲವೇನು ಅಂತ ಕೇಳಿದರೆ ನನ್ನ ಹತ್ತಿರ ನೆಟ್ಟಗಿನ ಉತ್ತರ ಇಲ್ಲ. 2000ದಲ್ಲಿ ಜಾನ್ ಮೆಕೇನ್ ಇಲ್ಲಿ ಜನರ ಪ್ರಶ್ನೆಗಳಿಗೆ ಉತ್ತರ ಕೊಡುವ ಟೌನ್ ಹಾಲ್ ಸಭೆಗಳನ್ನು ನೂರಕ್ಕೂ ಹೆಚ್ಚು ಮಾಡಿ ಜಾರ್ಜ್ ಡಬ್ಲ್ಯು. ಬುಷ್ ಅವರನ್ನು ಶೇ. 18ರಷ್ಟು ಅಂತರದಲ್ಲಿ ಸೋಲಿಸಿದರು. ಅಧ್ಯಕ್ಷರಾದದ್ದು ಬುಷ್. 2016ರಲ್ಲಿ ಜಾನ್ ಕೇಸಿಕ್ ಕೂಡ ನೂರು ಸಭೆ ದಾಟಿಸಿದರು. ಸಿಕ್ಕಿದ್ದು ಶೇ. 16ರಷ್ಟು ಓಟು, ಎರಡನೇ ಜಾಗ. ದೊಡ್ಡ ರ‍್ಯಾಲಿಗಳನ್ನೇ ನೆಚ್ಚಿಕೊಂಡ ಟ್ರಂಪ್ ಶೇ. 35 ತೆಗೆದರು. 2020ರಲ್ಲಿ ಇಲ್ಲಿ ಐದನೇ ಸ್ಥಾನಕ್ಕೆ ಬಿದ್ದ ಬೈಡನ್, ಫಲಿತಾಂಶದ ರಾತ್ರಿಯೇ ಸೌತ್ ಕ್ಯಾರೊಲಿನಾಕ್ಕೆ ಹೊರಟುಹೋದರು. ವರ್ಷ ಕಳೆಯುವಷ್ಟರಲ್ಲಿ ಶ್ವೇತಭವನದಲ್ಲಿದ್ದರು. ನಾವು ಜಗಲಿಯಲ್ಲಿ ಕೂತು ರಾಗ, ಅರ್ಥ, ಧಾಟಿ ಅಂತ ವಿಮರ್ಶೆ ಮಾಡುತ್ತೇವೆ. ಮೇಳದ ಯಜಮಾನಿಕೆ ಬೇರೆಲ್ಲೋ ತೀರ್ಮಾನವಾಗುತ್ತದೆ.

ಆದರೂ ಜನ ಹೋಗುತ್ತಾರೆ. ಇಲ್ಲಿ ಒಂದು ಹಳೇ ಜೋಕಿದೆ. ಆ ಅಭ್ಯರ್ಥಿ ಹೇಗೆ ಅಂತ ಕೇಳಿದರೆ ನ್ಯೂ ಹ್ಯಾಂಪ್‌ಶೈರ್‌ನವನು, "ಈಗಲೇ ಹೇಗೆ ಹೇಳೋದು? ಮೂರೇ ಸಲ ಭೇಟಿಯಾಗಿದ್ದು" ಅಂತಾನಂತೆ. ನನಗಿದನ್ನು ಹೇಳಿದವರು ಬೀದಿ ಕೊನೆಯ ಮನೆಯ ನಿವೃತ್ತ ಮೇಷ್ಟ್ರು. ಅವರು ಜೋಕಿನ ಹಾಗೆ ಹೇಳಲಿಲ್ಲ.

ಆಯಿ ನೋಡಿದ ಲೋಟ

2019ರ ಅಕ್ಟೋಬರ್‌ನಲ್ಲಿ ಆಯಿ, ಅಂದರೆ ಅಮ್ಮ, ಇಲ್ಲಿದ್ದಳು. ಅವಳನ್ನು ಒಂದು ಹೌಸ್ ಪಾರ್ಟಿಗೆ ಕರೆದುಕೊಂಡು ಹೋದೆವು. ಹತ್ತಿ ಸೀರೆ, ಮೇಲೆ ನನ್ನ ಹಳೇ ಜಾಕೆಟ್. ಬಾಗಿಲಲ್ಲಿ ಹುಡುಗಿಯೊಬ್ಬಳು ಹೆಸರು ಬರೆದ ಸ್ಟಿಕರ್ ಅಂಟಿಸಿದಳು. ಸೀರೆಗೆ ಅಂಟು ಹತ್ತುತ್ತೆ ಅಂತ ಆಯಿ ಅದನ್ನು ಕಿತ್ತು ಪರ್ಸಿಗೆ ಹಾಕಿಕೊಂಡಳು. ಆ ಮನೆಯಾಕೆ ಸೇಬಿನ ರಸ ಕಾಯಿಸಿ, ದಾಲ್ಚಿನ್ನಿ ಹಾಕಿ, ಎಲ್ಲರಿಗೂ ಪಿಂಗಾಣಿ ಲೋಟದಲ್ಲಿ ಕೊಡುತ್ತಿದ್ದರು. ಆಯಿಗೆ ಅದು ಕಷಾಯದ ಹಾಗೆ ಅನಿಸಿ ಎರಡು ಲೋಟ ಕುಡಿದಳು.

ಅಭ್ಯರ್ಥಿ ಬಂದರು, ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಪ್ರಶ್ನೆ ಕೇಳುವವರ ಹೆಸರನ್ನು ಸ್ಟಿಕರ್ ನೋಡಿ ಕರೆಯುತ್ತಿದ್ದರು. ಕೊನೆಗೆ ಆಯಿಯ ಹತ್ತಿರ ಬಂದು ಬಗ್ಗಿ, ಲೋಟ ಎಡಗೈಗೆ ಬದಲಿಸಿಕೊಂಡು, "ನಮಸ್ತೆ" ಅಂದರು. ನಾನು ಆಯಿಯ ಪರವಾಗಿ ಊರು, ವಯಸ್ಸು, ಯಾವಾಗ ವಾಪಸ್ ಹೋಗ್ತಾರೆ ಎಲ್ಲ ಹೇಳಿದೆ. ಓಟಿಲ್ಲದ ಎಪ್ಪತ್ತೊಂದರ ಮುದುಕಿ. ನನ್ನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಾ? ಅವರು ಕಣ್ಣು ಸರಿಸಲಿಲ್ಲ. ಮಕ್ಕಳೆಷ್ಟು ಅಂತ ಕೇಳಿದರು. ಹೊಲ ಇದೆಯಾ ಅಂತ ಕೇಳಿದರು. ಅಡಿಕೆ ತೋಟ ಅಂದೆ. ಅಡಿಕೆ ಅಂದರೆ ಏನು ಅಂತ ಕೇಳಿದರು, ನಾನು ಹೇಳಿ ಮುಗಿಸುವ ತನಕ ನಿಂತರು. ಮನಸ್ಸಿನಲ್ಲೇ ಹತ್ತಕ್ಕೆ ಹತ್ತು ಕೊಟ್ಟೆ.

ಕಾರು ಹತ್ತಿದ ಮೇಲೆ ಆಯಿಯನ್ನು ಕೇಳಿದೆ, ಹೇಗನಿಸಿದರು ಅಂತ.

"ಅವ ಕೊಟ್ಟದ್ದು ಕುಡಿದಿದ್ದೇ ಇಲ್ಲೆ" ಅಂದಳು.

ಒಂದು ಗಂಟೆಗೂ ಜಾಸ್ತಿ ಹೊತ್ತು ಲೋಟ ಕೈಯಲ್ಲೇ ಇತ್ತಂತೆ. ಒಂದು ಗುಟುಕೂ ಇಲ್ಲ. ಹೋಗುವಾಗ ಪುಸ್ತಕದ ಕಪಾಟಿನ ಮೇಲೆ ಇಟ್ಟು ಹೋದರಂತೆ, ತುಂಬಿದ್ದು ಹಾಗೇ. ನಾನು ಬಿಡಿಸಿ ಹೇಳಿದೆ. ದಿನಕ್ಕೆ ಐದಾರು ಮನೆ, ಎಲ್ಲ ಕಡೆ ಕುಡಿದರೆ ದಾರಿಯಲ್ಲಿ ಎಲ್ಲಿಗೆ ಹೋಗ್ತಾರೆ ಪಾಪ. ಲೋಟ ಹಿಡಿದರೆ ಕೈಗೊಂದು ಕೆಲಸ ಇರುತ್ತೆ, ನಮ್ಮಲ್ಲೊಬ್ಬ ಅನ್ನೋ ಹಾಗೆ ಕಾಣುತ್ತೆ, ಅಷ್ಟೇ. ಹಾಗಾದರೆ ತಗೊಳ್ಳಲೇಬಾರದಿತ್ತು ಅಂತ ಆಯಿಯ ತೀರ್ಪು. ಇಷ್ಟು ವರ್ಷ ಕಣ್ಣು ನೋಡುತ್ತಿದ್ದ ನಾನು ಒಂದು ಲೋಟವನ್ನೂ ನೋಡಿರಲಿಲ್ಲ.

2020ರ ಫೆಬ್ರವರಿ 11ಕ್ಕೆ ಮೊದಲ ಸಲ ಪ್ರೈಮರಿಯಲ್ಲಿ ಓಟು ಹಾಕಿದೆ. ಯಾರಿಗೆ ಅಂತ ಹೇಳಲ್ಲ. ಲೋಟದವರಿಗಂತೂ ಅಲ್ಲ.

ಒಂದು ಸುಳ್ಳು

ಓಟು ಬಂದ ಮೇಲೆ ಒಂದು ತೊಂದರೆ ಶುರುವಾಯಿತು. ಈಗ ಎಲ್ಲರೂ ನನ್ನನ್ನು ಚೆನ್ನಾಗಿ ನೋಡುತ್ತಾರೆ. ನಾನು ಯಾವ ಪಕ್ಷಕ್ಕೂ ಹೆಸರು ಬರೆಸಿಲ್ಲ. ಇಲ್ಲಿ ಅಂಥವರು ಹತ್ತರಲ್ಲಿ ನಾಲ್ಕು ಮಂದಿ, ಯಾವ ಪಕ್ಷದ ಪ್ರೈಮರಿಯಲ್ಲಿ ಬೇಕಾದರೂ ಓಟು ಹಾಕಬಹುದು. ಸಹಾಯಕರು ಕ್ಲಿಪ್‌ಬೋರ್ಡ್ ಹಿಡಿದು ಬಂದು "ಇನ್ನೂ ನಿರ್ಧಾರ ಮಾಡಿಲ್ವಾ?" ಅಂತ ಕೇಳಿ, ಇಲ್ಲ ಅಂದರೆ ಅಭ್ಯರ್ಥಿಯ ಹತ್ತಿರವೇ ಕರೆದುಕೊಂಡು ಹೋಗುತ್ತಾರೆ. ಎಲ್ಲರ ಕಣ್ಣೂ ನನ್ನ ಮೇಲೇ ನೆಟ್ಟಿರುತ್ತದೆ. ನನ್ನ ಹತ್ತು ಸೆಕೆಂಡಿನ ಪರೀಕ್ಷೆ ಕೆಲಸಕ್ಕೆ ಬಾರದ್ದಾಯಿತು.

2023ರ ನವೆಂಬರ್. ಒಂದು ಮನೆಯ ಗ್ಯಾರೇಜಿನಲ್ಲಿ ಹೀಟರ್ ಹಚ್ಚಿ ಸಭೆ. ಸಾಲಿನಲ್ಲಿ ನನ್ನ ಸರದಿ ಬಂತು. ಅಭ್ಯರ್ಥಿ ಕೈ ಚಾಚಿ, "ನಿಮ್ಮ ಬೆಂಬಲ ಇರುತ್ತಲ್ವಾ?" ಅಂದರು. ಏನಾಯಿತೋ ಗೊತ್ತಿಲ್ಲ.

"ನನಗೆ ಓಟಿಲ್ಲ. ವೀಸಾ ಮೇಲಿದ್ದೇನೆ" ಅಂದುಬಿಟ್ಟೆ.

ಅವರು ಕೈ ಬಿಡಲಿಲ್ಲ. ಕಣ್ಣೂ ಸರಿಯಲಿಲ್ಲ. "ಎಷ್ಟು ವರ್ಷದಿಂದ ಕಾಯ್ತಿದ್ದೀರಿ?" ಅಂತ ಕೇಳಿದರು. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ 1,40,000, ಒಂದು ದೇಶಕ್ಕೆ ಶೇ. 7ರ ಮಿತಿ, ಈ ಲೆಕ್ಕವೆಲ್ಲ ಅವರಿಗೆ ಗೊತ್ತಿತ್ತು. ನಾನು ನನ್ನ ಹಳೇ ಕಥೆಗೆ ನಮ್ಮ ಆಫೀಸಿನ ಹುಡುಗನೊಬ್ಬನ ಕಥೆ ಸೇರಿಸಿ ಹನ್ನೊಂದು ವರ್ಷ ಅಂದೆ. ಅವರ ಮುಖ ನಿಜಕ್ಕೂ ಬಾಡಿತು, ಅಥವಾ ನನಗೆ ಹಾಗೆ ಕಂಡಿತು. ಸಹಾಯಕನನ್ನು ಕರೆದು ನನ್ನ ಹೆಸರು, ಫೋನ್ ನಂಬರ್ ಬರೆಸಿದರು. ಕಿವಿ ಬಿಸಿಯಾಗಿ, ಬೂಟಿನ ಲೇಸ್ ಕಟ್ಟಿಕೊಳ್ಳದೆ ಹೊರಗೆ ಬಂದೆ.

ಮೂರನೇ ದಿನ ಫೋನ್ ಬಂತು. ಹುಡುಗನ ಧ್ವನಿ, ಭಾರಿ ವಿನಯ. ಅವತ್ತಿನ ನನ್ನ ಮಾತು ಅಭ್ಯರ್ಥಿಯ ಮನಸ್ಸಿಗೆ ತುಂಬಾ ತಟ್ಟಿದೆಯಂತೆ. ಮುಂದಿನ ವಾರದ ಸಭೆಗೆ ಟಿವಿಯವರು ಬರುತ್ತಾರಂತೆ. ವೇದಿಕೆ ಮೇಲೆ ಪಕ್ಕದಲ್ಲಿ ನಿಂತು ಎರಡು ನಿಮಿಷ ನನ್ನ ಕಥೆ ಹೇಳಲು ಆಗುತ್ತದಾ ಅಂತ ಕೇಳಿದ.

ನಾನು ರಾಂಗ್ ನಂಬರ್ ಅಂದು ಇಟ್ಟುಬಿಟ್ಟೆ.